ಗುರುದೇವಿ ಹೊರಗೆ ಕೂತು ಉಂಡ ದಿನ

ಲಂಡನ್ನಿನ ಕೆಂಟನ್ ಬಡಾವಣೆಯ ಸಮುದಾಯ ಭವನದಲ್ಲಿ ಗುರುದೇವಿಯ ಶ್ರದ್ಧಾಂಜಲಿ ಸಭೆ ನಡೆದಾಗ ನಮ್ಮ ಕನ್ನಡ ಬಳಗದ ಅಧ್ಯಕ್ಷ ಶಿವಪ್ರಕಾಶ ಮೈಕು ಹಿಡಿದು ಒಂದು ಕಥೆ ಹೇಳಿದರು. ಹೋದ ಬೇಸಿಗೆಯ ಯಾರ್ಕ್‌ಶೈರ್ ಪ್ರವಾಸದಲ್ಲಿ ಅಕ್ಕ ಹುಲ್ಲುಗಾವಲಿನ ನಡುವೆ ದಾರಿ ತಪ್ಪಿಸಿಕೊಂಡರಂತೆ. ಊಟಕ್ಕೆ ಬಂದ ಅತಿಥಿಗಳು ಕಾದು ಕಾದು ಸುಸ್ತಾದರಂತೆ. ಕೊನೆಗೆ ಶಿವಪ್ರಕಾಶರೇ ವ್ಯಾನ್ ತೆಗೆದುಕೊಂಡು ಹುಡುಕಲು ಹೋದರಂತೆ.

"ಪಾಪ, ಅಡುಗೆಮನೆ ಬಿಟ್ಟರೆ ನಮ್ಮಕ್ಕನಿಗೆ ಪ್ರಪಂಚದಲ್ಲಿ ಬೇರೆ ದಾರಿನೇ ಗೊತ್ತಿರಲಿಲ್ಲ. ಸಾಕ್ಷಾತ್ ಅನ್ನಪೂರ್ಣೆ," ಎಂದರು. ಜನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ನಾನು ಎದ್ದು ನಿಂತು, "ಅವಳು ದಾರಿ ತಪ್ಪಿರಲಿಲ್ಲ. ನಾನು ಅವಳ ಜೊತೆಗೇ ಇದ್ದೆ," ಎಂದೆ.

"ವತ್ಸಲಾ ಮೇಡಂ ತುಂಬಾ ಭಾವುಕರಾಗಿದ್ದಾರೆ. ಕೂತ್ಕೊಳ್ಳಿ ಮೇಡಂ, ಯಾರಾದ್ರೂ ಒಂದು ಲೋಟ ನೀರು ಕೊಡಿ," ಎಂದು ಅವರು ಮೈಕನ್ನು ಮುಂದಿನವರಿಗೆ ದಾಟಿಸಿದರು.

ಯಾರೋ ನೀರು ಕೊಟ್ಟರು. ನಾನು ಕುಡಿಯಲಿಲ್ಲ. ಅಂದಿನಿಂದ ಆ ಸಿಟ್ಟು ಇಳಿದಿಲ್ಲ. ಸತ್ತವರು ತಿರುಗಿ ಮಾತಾಡುವುದಿಲ್ಲ ಎಂಬ ಧೈರ್ಯದ ಮೇಲೆ ಅವರ ಬದುಕಿನ ಒಂದೇ ಒಂದು ಸ್ವಂತ ದಿನವನ್ನು ತಮಾಷೆಯ ಪ್ರಸಂಗ ಮಾಡಿಬಿಡುವುದು ಎಂಥ ನ್ಯಾಯ? ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಗುರುದೇವಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಗಂಡ ಮುರಿಗೆಪ್ಪನವರಿಗೆ ಇಲ್ಲಿ ಟ್ಯೂಬ್ ಎಂಬ ಸುರಂಗ ರೈಲಿನ ಸಿಗ್ನಲ್ ವಿಭಾಗದಲ್ಲಿ ಕೆಲಸ ಸಿಕ್ಕಾಗ, ಮಗ ಸಂಗಮೇಶನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಸಂಗಮೇಶ ಈಗ ಹೆಂಡತಿ ಮಗಳೊಂದಿಗೆ ಇಲ್ಫರ್ಡಿನಲ್ಲಿದ್ದಾನೆ. ಅವಳ ಮನೆ ಕೆಂಟನ್ನಿನಲ್ಲಿ, ನಮ್ಮ ಬೀದಿಯ ಆಚೆ ತುದಿಗೆ. ನಾನು ಮೈಸೂರಿನವಳು, ಹ್ಯಾರೋದ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನನ್ನ ಮಾತು ಕೇಳಿ ಅವಳು ಮೊದಲ ದಿನವೇ, "ನೀ ಮಾತಾಡಿದ್ರ ರೇಡಿಯೊ ಹಚ್ಚಿದಂಗ ಆಗ್ತದ ನೋಡವಾ," ಎಂದಿದ್ದಳು. ನಾನು ಅವಳ ಮಾತಿಗೆ ಒಗ್ಗಿಕೊಳ್ಳಲು ಒಂದು ಚಳಿಗಾಲ ಬೇಕಾಯಿತು. ಆಮೇಲೆ ನಾವು ಭೇಟಿಯಾಗದ ದಿನವೇ ಇರಲಿಲ್ಲ.

ಅವಳು ಹೀಥ್ರೂ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ವಿಮಾನದ ಪ್ರಯಾಣಿಕರಿಗೆ ಕೊಡುವ ಊಟದ ತಟ್ಟೆ ಜೋಡಿಸುವ ಕೆಲಸ. ತಲೆಗೆ ನೀಲಿ ಬಲೆ, ಕೈಗೆ ಗ್ಲೌಸು, ಕಾಲು ಮರಗಟ್ಟಿಸುವ ಥಂಡಿ. ಮುಂದೆ ಸಾಗುವ ಬೆಲ್ಟಿನ ಮೇಲೆ ತಟ್ಟೆಗಳು ಬರುತ್ತವೆ, ಒಬ್ಬಳು ಬನ್ನು ಇಡುತ್ತಾಳೆ, ಒಬ್ಬಳು ಬೆಣ್ಣೆ ಇಡುತ್ತಾಳೆ. ಗುರುದೇವಿಯ ಪಾಲಿಗೆ ಬಂದದ್ದು ಚೀಸ್. ವೆನ್ಸ್‌ಲಿಡೇಲ್ ಎಂಬ ಯಾರ್ಕ್‌ಶೈರ್ ಕಣಿವೆಯ ಚೀಸಿನ ಸಣ್ಣ ಪೊಟ್ಟಣ. ಅದರ ಮೇಲೆ ಒಂದು ಕಲ್ಲಿನ ಗೋಡೆ, ಗೋಡೆಯಾಚೆ ಹೂ ಬಿಟ್ಟ ಹುಲ್ಲು, ಹುಲ್ಲಿನಲ್ಲಿ ಒಂದು ಹಸು. ವರ್ಷಗಟ್ಟಲೆ ಆ ಚಿತ್ರವನ್ನು ತಟ್ಟೆಯಿಂದ ತಟ್ಟೆಗೆ ಇಟ್ಟು ಇಟ್ಟು ಅವಳಿಗೆ ಆ ಹಸುವಿನ ಪರಿಚಯವೇ ಆಗಿಬಿಟ್ಟಿತ್ತು.

"ನಮ್ಮೂರಾಗೂ ಹೊಲಕ್ಕ ಹಿಂಗ ಕಲ್ಲು ಒಟ್ಟಿ ಒಡ್ಡು ಹಾಕ್ತಾರ. ಆದ್ರ ಒಳಗ ಹುಲ್ಲ ಇರೂದಿಲ್ಲ, ಬರೇ ಕಲ್ಲ," ಎನ್ನುತ್ತಿದ್ದಳು. "ಒಮ್ಮೆ ಅಲ್ಲಿಗೆ ಹೋಗಿ ಆ ಆಕಳ ಮಾರಿ ನೋಡಿ ಬರಬೇಕು."

ಹೋಗಲು ಅವಕಾಶ ಇರಲಿಲ್ಲವೇ ಎಂದು ನೀವು ಕೇಳಬಹುದು. ಪ್ರತಿ ಜುಲೈ ಕೊನೆಗೆ, ಶಾಲೆಗಳಿಗೆ ರಜೆ ಬಿದ್ದ ಕೂಡಲೇ, ನಮ್ಮ ಬಳಗದ ಏಳೆಂಟು ಕುಟುಂಬಗಳು ಉತ್ತರಕ್ಕೆ ಪ್ರವಾಸ ಹೋಗುತ್ತವೆ. ಒಂದು ವರ್ಷ ಲೇಕ್ ಡಿಸ್ಟ್ರಿಕ್ಟ್, ಒಂದು ವರ್ಷ ಸ್ಕಾಟ್ಲೆಂಡ್, ಒಂದು ವರ್ಷ ನಾರ್ತಂಬರ್‌ಲೆಂಡಿನ ಕಡಲತೀರ. ಗುರುದೇವಿ ಒಂದನ್ನೂ ತಪ್ಪಿಸಿದವಳಲ್ಲ. ಆದರೆ ಅವಳು ನೋಡಿದ್ದೇನು? ಅಡುಗೆಮನೆಯ ಸಿಂಕಿನ ಮುಂದಿನ ಕಿಟಕಿಯಲ್ಲಿ ಎಷ್ಟು ಕೆರೆ, ಎಷ್ಟು ಬೆಟ್ಟ, ಎಷ್ಟು ಕಡಲು ಹಿಡಿಯುತ್ತದೋ ಅಷ್ಟು.

ಇದಕ್ಕೆ ಕಾರಣ ಒಂದು ಸೂಪು. ಮೊದಲ ಪ್ರವಾಸದಲ್ಲೇ ಒಂದು ಹೋಟೆಲಿನಲ್ಲಿ ಎಲ್ಲರೂ ತರಕಾರಿ ಸೂಪು ಅರ್ಧ ಕುಡಿದ ಮೇಲೆ, ಅದಕ್ಕೆ ಕೋಳಿ ಬೇಯಿಸಿದ ನೀರು ಹಾಕಿದ್ದಾರೆಂದು ತಿಳಿಯಿತು. ಕೆಲವರು ಹೊರಗೆ ಓಡಿದರು, ಕೆಲವರು ಸ್ನಾನ ಮಾಡಿದರು. ಅವತ್ತೇ ನಿಯಮವಾಯಿತು: ಇನ್ನು ಮುಂದೆ ನಮ್ಮ ಊಟ ನಮ್ಮ ಜೊತೆ. ನಿಯಮ ಎಲ್ಲರದು, ಕೆಲಸ ಗುರುದೇವಿಯದು. ಹೊರಡುವ ವಾರವೆಲ್ಲ ಅವಳ ಮನೆಯಿಂದ ರೊಟ್ಟಿ ಬಡಿಯುವ ಸದ್ದು. ಸೌತ್‌ಹಾಲಿನಿಂದ ತಂದ ಜೋಳದ ಹಿಟ್ಟಿನ ಮೂಟೆ, ಒಣಗಲು ಹಾಸಿಗೆಯ ಮೇಲೆಲ್ಲ ಹರಡಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಡಬ್ಬಿ ಡಬ್ಬಿ. ಅಲ್ಲಿಗೆ ಹೋದ ಮೇಲೆ ಬೆಳಿಗ್ಗೆ ಉಪ್ಪಿಟ್ಟು, ಬೆಟ್ಟ ಹತ್ತುವವರಿಗೆ ಬುತ್ತಿ, ಸಂಜೆ ಇಳಿದು ಬಂದವರಿಗೆ ಬಿಸಿ ಬಿಸಿ ಎಣ್ಣೆಗಾಯಿ. ಉಳಿದ ಹೆಂಗಸರು ಈರುಳ್ಳಿ ಹೆಚ್ಚಿಕೊಟ್ಟು, "ನಿಮ್ಮ ಕೈ ರುಚಿ ನಮಗೆಲ್ಲಿ ಬರಬೇಕು ಅಕ್ಕಾ," ಎಂದು ಹೊಗಳಿ ಬೂಟು ಹಾಕಿಕೊಳ್ಳುತ್ತಿದ್ದರು. ಈ ಹೊಗಳಿಕೆಯಷ್ಟು ಅಗ್ಗದ ಕೂಲಿ ಲಂಡನ್ನಿನಲ್ಲಿ ಬೇರೆಲ್ಲೂ ಇಲ್ಲ.

ಶಿವಪ್ರಕಾಶ ಇದನ್ನು ದಾಸೋಹ ಎಂದು ಕರೆಯುತ್ತಿದ್ದರು. ದಾಸೋಹ ಎಂದರೆ ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸಿಕೊಂಡು ತಾನು ತೇಗುವುದಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ ಇಲ್ಲಿ ನೂರಾರು ಜನರ ಮೇಲೆ ಅಧಿಕಾರ ಮಾಡುವವರಿಗೆ ಇಷ್ಟು ಗೊತ್ತಿಲ್ಲವೆಂದು ನಾನು ನಂಬಲಾರೆ.

ಹೋದ ವರ್ಷ ಯಾರ್ಕ್‌ಶೈರ್ ಎಂದು ಗೊತ್ತಾದಾಗ ಅವಳು ಹಿಟ್ಟಿನ ಕೈಯಲ್ಲೇ ನನಗೆ ಫೋನ್ ಮಾಡಿದಳು. ಮಂಡಿ ಸವೆದು ಆಗಲೇ ಮೆಟ್ಟಿಲು ಇಳಿಯುವುದು ಕಷ್ಟವಾಗಿತ್ತು. ಆಪರೇಷನ್ ಆಗುವ ತನಕ ಏರುತಗ್ಗಿನ ನಡಿಗೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು.

"ಬರೂ ವರ್ಷ ನನ್ನ ಕಾಲು ನನ್ನ ಮಾತು ಕೇಳ್ತದಂತ ಅನಸೂದಿಲ್ಲ ವತ್ಸಲಾ. ಈ ಸಲ ಒಂದು ದಿನ ನಾ ಹೊರಗ ಹೋಗಾಕಿ. ಆ ಹುಲ್ಲಿನಾಗ ನಡದು, ಅಲ್ಲೇ ಎಲ್ಲರೆ ಕುಂತು, ಯಾರರೆ ಮಾಡಿದ್ದು ಉಣ್ಣಾಕಿ. ನೀ ಬಾ. ನೀ ಬಂದ್ರ ಇವ್ರು ಬ್ಯಾಡ ಅನ್ನೂದಿಲ್ಲ."

"ನನಗೆ ಆ ಗುಂಪಿನ ಜೊತೆ ಆಗಲ್ಲ ಅಂತ ಗೊತ್ತಲ್ಲ ನಿನಗೆ."

"ಗುಂಪಿನ ಜೋಡಿ ಬಾ ಅಂದ್ನೇನ? ನನ್ನ ಜೋಡಿ ಬಾ ಅಂದೆ."

ಹೋದೆ. ಅವಳು ಕೇಳಿದ್ದು ಒಂದು ದಿನ. ಪ್ರಪಂಚ ಸುತ್ತುವುದಲ್ಲ, ಗಂಡನನ್ನು ಬಿಡುವುದಲ್ಲ.

ಮನೆ ದೊಡ್ಡದಾಗಿತ್ತು. ಹಳೆಯ ಕಲ್ಲಿನ ಕಟ್ಟಡ, ಹಿಂದೆ ಕುರಿಗಳ ಗುಡ್ಡ. ನಾವು ಬ್ಯಾಗು ಇಳಿಸುತ್ತಿದ್ದಂತೆ ಶಿವಪ್ರಕಾಶ ಗುರುದೇವಿಯ ಕಣ್ಣು ಮುಚ್ಚಿಸಿ ಕೈ ಹಿಡಿದು ಒಳಗೆ ಕರೆದೊಯ್ದರು. ಎಲ್ಲರೂ ಹಿಂದೆ ಹೋದರು. ಕಣ್ಣು ಬಿಟ್ಟರೆ ಅಡುಗೆಮನೆ. ನಮ್ಮ ಕೆಂಟನ್ನಿನ ಮನೆಗಳ ಕೆಳ ಅಂತಸ್ತಿನಷ್ಟು ದೊಡ್ಡದು. ಮಧ್ಯೆ ಸದಾ ಬಿಸಿಯಾಗಿರುವ ಭಾರಿ ಕಬ್ಬಿಣದ ಒಲೆ.

"ಸರ್‌ಪ್ರೈಸ್! ಅಕ್ಕಾ, ಹತ್ತಾರು ಮನೆ ನೋಡಿ ಇದನ್ನೇ ಬುಕ್ ಮಾಡಿದ್ದು, ನಿಮಗೋಸ್ಕರಾನೇ. ಹಿಂದಿನ ವರ್ಷ ಜಾಗ ಸಾಲಲ್ಲ ಅಂತಿದ್ರಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದೆ ಹೊಡೆದ ಚಪ್ಪಾಳೆ. ನನಗೆ ಇವತ್ತಿಗೂ ಉರಿಯುವುದು ಅದೇ. ಖೈದಿಗೆ ದೊಡ್ಡ ಕೋಣೆ ಕೊಟ್ಟು ಹುಟ್ಟುಹಬ್ಬ ಮಾಡಿದ ಹಾಗೆ.

ಗುರುದೇವಿ ಒಲೆಯನ್ನು ಒಮ್ಮೆ ನೋಡಿ, "ಚಲೋ ಅದ," ಎಂದಳು. ನನ್ನ ಕಿವಿಯಲ್ಲಿ, "ನನ್ನ ಹೆಣಾನೂ ಇದರಾಗ ಬೇಯಸ್ತಾರೇನವಾ," ಎಂದಳು.

ಎರಡು ದಿನ ಎಂದಿನಂತೆಯೇ ಕಳೆಯಿತು. ಎರಡನೆಯ ದಿನ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಬಡಿಸುವ ಸೌಟು ಹಿಡಿದೇ ಹೇಳಿದಳು:

"ನಾಳೆ ನಾನೂ ವತ್ಸಲಾನೂ ಅಡ್ಡಾಡಾಕ ಹೊಂಟೀವಿ. ಮುಂಜಾನಿ ನಾಷ್ಟಾ ಮಾಡಿ ಇಟ್ಟಿರ್ತೀನಿ. ರೊಟ್ಟಿ ಅದಾವ, ಚಟ್ನಿ ಅದಾವ, ಮೊಸರು ಅದ. ಮಧ್ಯಾಹ್ನದ್ದು ನೀವ ನೋಡ್ಕೋರಿ."

"ಹೋಗಿ ಬನ್ನಿ ಅಕ್ಕಾ, ಬೇಡ ಅಂದವರು ಯಾರು?" ಎಂದರು ಶಿವಪ್ರಕಾಶ. ಮುರಿಗೆಪ್ಪನವರು ಮಾತ್ರ ತಟ್ಟೆಯಿಂದ ತಲೆಯೆತ್ತದೆ, "ಪಲ್ಯಾ ಇಲ್ದ ಬರೇ ರೊಟ್ಟಿ ಹ್ಯಾಂಗ ತಿನ್ನೂದು?" ಎಂದರು.

"ಮನಿಗಿ ಬೆಂಕಿ ಹತ್ತಿದ್ರೂ ನಿಮಗ ಪಲ್ಯಾನ ಬೇಕು," ಎಂದಳು. ಎಲ್ಲರೂ ನಕ್ಕರು. ಮುರಿಗೆಪ್ಪನವರೂ ನಕ್ಕರು. ಹಾಗೆ ಎಲ್ಲರ ಎದುರಿಗೆ, ಎಲ್ಲರಿಗೂ ಕೇಳುವಂತೆ, ಹೇಳಿಯೇ ಅವಳು ಹೋದದ್ದು. ದಾರಿ ತಪ್ಪುವವರು ಹಿಂದಿನ ದಿನ ಹೇಳಿ ಹೋಗುವುದಿಲ್ಲ.

ಬೆಳಿಗ್ಗೆ ಅವಳು ಹಸಿರು ಇಳಕಲ್ ಸೀರೆ ಉಟ್ಟು ಅದರ ಕೆಳಗೆ ಮೊಮ್ಮಗಳು ಸಾನ್ವಿ ಕೊಡಿಸಿದ ನಡಿಗೆಯ ಬೂಟು ಹಾಕಿಕೊಂಡು ಬಾಗಿಲಿಗೆ ಬಂದಾಗ, ಶಿವಪ್ರಕಾಶ ಹೊರಗಿನಿಂದ ಓಡುತ್ತ ಬಂದರು.

"ಅಕ್ಕಾ, ಒಂದು ಸಣ್ಣ ಪ್ರಾಬ್ಲಂ. ಮನೆ ಓನರ್ ಮತ್ತೆ ಅವರ ಫ್ರೆಂಡ್ಸ್‌ನ ಲಂಚ್‌ಗೆ ಕರೆದುಬಿಟ್ಟಿದೀನಿ. ಒಂದು ಗಂಟೆಗೆ ಬರ್ತಾರೆ. ನಿನ್ನೆನೇ ಹೇಳ್ಬೇಕಿತ್ತು, ಮರ್ತೋಯ್ತು. ನಿಮ್ಮ ಎಣ್ಣೆಗಾಯಿ ಬಗ್ಗೆ ಹೇಳಿ ಹೇಳಿ ಇಟ್ಟಿದೀನಿ. ಮಾನ ಮರ್ಯಾದೆ ಪ್ರಶ್ನೆ."

"ಯಾರ ಮಾನಪಾ?"

"ನಮ್ಮದೇ ಅಕ್ಕಾ. ಕನ್ನಡಿಗರದು."

"ಹಂಗಾರ ಕನ್ನಡಿಗರು ಎಲ್ಲಾರೂ ಕೂಡಿ ಮಾಡ್ರಿ. ಬದನಿಕಾಯಿ ಫ್ರಿಜ್ಜಿನಾಗ ಅದಾವ," ಎಂದು ಹೇಳಿ ಅವಳು ಹೊಸ್ತಿಲು ದಾಟಿದಳು. ಹಿಂದಿನಿಂದ ಮುರಿಗೆಪ್ಪನವರ ದನಿ ಕೇಳಿತು: "ಏ, ಎಲ್ಲಿ ಹೊಂಟಿ? ಜನಾ ಬರ್ತಾರ ಅಂತ ಹೇಳಾಕತ್ಯಾರ ಕೇಳಸಂಗಿಲ್ಲೇನ?" ಅವಳು ತಿರುಗಲಿಲ್ಲ. ನಾನು ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ಗಂಡಸರೂ ಹೆಂಗಸರೂ, ದೊಡ್ಡ ದೊಡ್ಡ ಹುದ್ದೆಯವರು, ಬದನೆಕಾಯಿಯನ್ನು ಬಾಂಬಿನಂತೆ ನೋಡುತ್ತ ನಿಂತಿದ್ದರು.

ಕಾಲುದಾರಿ ಹುಲ್ಲುಗಾವಲುಗಳ ನಡುವೆ, ಹೊಳೆಯ ಬದಿಗೆ ಸಾಗುತ್ತದೆ. ಆ ಕಡೆ ಜುಲೈ ಕೊನೆಗೆ ಹುಲ್ಲು ಕೊಯ್ದು ಮುಗಿಯುತ್ತ ಬಂದಿರುತ್ತದೆ. ನಾವು ಹೋದಾಗ ಎರಡು ಹೊಲ ಬೋಳಾಗಿದ್ದವು, ಮೂರನೆಯದು ಇನ್ನೂ ನಿಂತಿತ್ತು. ಸೊಂಟದವರೆಗೆ ಹುಲ್ಲು. ಅದರೊಳಗೆ ನೇರಳೆ, ಹಳದಿ, ಬಿಳಿ ಹೂಗಳು. ನನಗೆ ಅವುಗಳ ಇಂಗ್ಲಿಷ್ ಹೆಸರು ಗೊತ್ತಿದ್ದವು, ಹೇಳಲು ಹೋದೆ. "ಸುಮ್ನಿರು, ನೋಡಾಕ ಬಿಡು," ಎಂದಳು. ಹುಲ್ಲನ್ನು ಅಂಗೈಯಿಂದ ಸವರುತ್ತ ನಡೆದಳು. ಹೊಲದಿಂದ ಹೊಲಕ್ಕೆ ದಾಟಲು ಕಲ್ಲುಗೋಡೆಯಲ್ಲಿ ಒಂದು ಇಕ್ಕಟ್ಟಾದ ಸಂದು ಬಿಟ್ಟಿರುತ್ತಾರೆ, ಮನುಷ್ಯರು ನುಸುಳಬಹುದು, ದನಕುರಿ ನುಸುಳಲಾರವು.

"ಈ ಗೋಡಿ ನನ್ನನ್ನ ಆಕಳ ಅಂತ ತಿಳದು ತಡದ್ರ ಏನ ಮಾಡ್ಲಿ?" ಎಂದಳು, ಸೀರೆ ಒತ್ತಿ ಹಿಡಿದು ಅಡ್ಡಡ್ಡ ನುಸುಳುತ್ತ. ಅರ್ಧಕ್ಕೆ ಸಿಕ್ಕಿಕೊಂಡಳು. ನಾನು ಎಳೆದೆ. ಇಬ್ಬರೂ ನಕ್ಕು ನಕ್ಕು ಗೋಡೆಗೆ ಒರಗಿ ನಿಂತೆವು. ಮಂಡಿ ನೋಯುತ್ತಿತ್ತು, ಅವಳ ಮುಖದಲ್ಲಿ ಕಾಣುತ್ತಿತ್ತು. ವಾಪಸ್ಸು ಹೋಗೋಣವೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನಗೆ ಬೈಯುತ್ತಿದ್ದಳು.

ಹಸುಗಳೂ ಸಿಕ್ಕವು. ಗೋಡೆಯಾಚೆ ನಿಂತು ಮೆಲುಕು ಹಾಕುತ್ತಿದ್ದವು. ಅವಳು ಒಂದರ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಇದಲ್ಲ ಬಿಡು. ಅದು ಭಾಳ ಚೆಲುವಿ ಇತ್ತು," ಎಂದಳು.

ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಸೇತುವೆಯ ಪಕ್ಕ ಒಂದು ಟೀ ಅಂಗಡಿ, ಹೊರಗೆ ನಾಲ್ಕು ಮೇಜು. ನಾವು ಬಿಸಿಲಿನ ಮೇಜು ಹಿಡಿದೆವು. ಅಂಗಡಿಯ ಹೆಂಗಸು ಬಂದು ನಿಂತಳು. ನಾನು ಪಟ್ಟಿ ಓದಿ ಅನುವಾದ ಮಾಡಲು ಶುರುಮಾಡಿದೆ. ಪ್ಲೌಮನ್ಸ್ ಎಂದರೆ ನೇಗಿಲು ಹೊಡೆಯುವವರು ಹೊಲದಲ್ಲಿ ಕೂತು ತಿನ್ನುವಂಥದು, ರೊಟ್ಟಿಯ ಬದಲು ಬ್ರೆಡ್ಡು, ಜೊತೆಗೆ ಚೀಸು, ಉಪ್ಪಿನಕಾಯಿ, ಸೇಬು ಎಂದೆ.

"ಅಂದ್ರ ಬುತ್ತಿ," ಎಂದಳು. "ಇಷ್ಟು ವರ್ಷ ಊರ ಮಂದಿಗೆ ಬುತ್ತಿ ಕಟ್ಟಿ, ರೊಕ್ಕಾ ಕೊಟ್ಟು ಬುತ್ತಿ ಉಣ್ಣಾಕ ಬಂದೆ ನೋಡು." ಆಮೇಲೆ ತಾನೇ ಇಂಗ್ಲಿಷಿನಲ್ಲಿ, ಕಾರ್ಖಾನೆಯ ಗತ್ತಿನಲ್ಲಿ ಕೇಳಿದಳು, ಚೀಸಿಗೆ ಹಾಕಿದ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದೋ ಅಲ್ಲವೋ, ಬ್ರೆಡ್ಡಿಗೆ ಮೊಟ್ಟೆ ಸವರಿದ್ದೀರೋ ಇಲ್ಲವೋ. ಹೆಂಗಸು ಒಳಗೆ ಹೋಗಿ ವಿಚಾರಿಸಿ ಬಂದು ಎರಡೂ ಇಲ್ಲ ಎಂದಳು. ಇಷ್ಟೇ. ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಆ ಸೂಪಿನ ದಿನದಿಂದ ಅಷ್ಟು ವರ್ಷ ನಮ್ಮವರಲ್ಲಿ ಒಬ್ಬರಿಗೂ ಆ ಪ್ರಶ್ನೆ ಕೇಳಬೇಕೆನಿಸಲಿಲ್ಲ. ಬಾಯಿ ತೆರೆಯುವುದಕ್ಕಿಂತ ಗುರುದೇವಿಯ ಕೈ ಸವೆಸುವುದು ಅವರಿಗೆ ಸುಲಭವಾಗಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು. ಮೊದಲು ಮುರಿಗೆಪ್ಪನವರು: "ಹುಣಸಿಹಣ್ಣು ಎಲ್ಲಿ ಇಟ್ಟೀದಿ?" ಹೇಳಿದಳು. ಮತ್ತೆ: "ಬದನಿಕಾಯಿ ನಾಕು ಹೋಳು ಮಾಡೂದೋ ಎಂಟೋ?" ಹೇಳಿದಳು. ಮೂರನೆಯ ಸಲ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

ತಟ್ಟೆ ಬಂತು. ಅವಳ ಮುಂದೆ ಇನ್ನೊಬ್ಬರು ತಟ್ಟೆ ಇಡುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವಳ ಕೈ ತಾನಾಗಿ ಮೇಲೆದ್ದಿತು, ಸಹಾಯ ಮಾಡಲು. ಆಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಗಲೇ ಸೇತುವೆಯ ಮೇಲೆ ನಮ್ಮ ವ್ಯಾನು ಬಂದು ನಿಂತು ಶಿವಪ್ರಕಾಶ ಇಳಿದರು. ಅಂಗಿಯ ಮೇಲೆ ಅರಿಶಿನದ ಕಲೆ.

"ಅಕ್ಕಾ, ಏನಕ್ಕಾ ಇದು! ಎಲ್ಲಾ ಕಡೆ ಹುಡುಕ್ದೆ. ಗೆಸ್ಟ್ ಬಂದು ಕೂತಿದಾರೆ. ಆ ಒಲೇಲಿ ಎಲ್ಲಾ ಸೀದೋಯ್ತು. ಬೇಗ ಬನ್ನಿ, ಗಾಡಿ ಆನ್ ಇದೆ."

ನಾನು ಬಾಯಿ ತೆರೆದೆ. ಗುರುದೇವಿ ನನ್ನ ಮಣಿಕಟ್ಟು ಹಿಡಿದು ತಡೆದಳು.

"ಊಟಾ ಮಾಡಾಕತ್ತೀನಿ ಶಿವಪ್ರಕಾಶ. ಕಾಣವಲ್ತೇನು?"

"ಪ್ಯಾಕ್ ಮಾಡಿಸ್ಕೊಳ್ಳೋಣ ಅಕ್ಕಾ. ಅಲ್ಲೇ ತಿನ್ನಿ."

"ಉಣ್ಣೋರನ ನಡುವ ಎಬ್ಬಸಬಾರದು ಅಂತ ನಿಮ್ಮವ್ವ ಹೇಳಿಕೊಟ್ಟಿಲ್ಲೇನು? ಗಾಡಿ ಬಂದ್ ಮಾಡು, ಬಾ ಕುಂದ್ರು. ಚಾ ಕುಡೀತಿ?"

ಅವರು ಕೂರಲಿಲ್ಲ. ವ್ಯಾನಿನ ಪಕ್ಕ ನಿಂತು ಯಾರಿಗೋ ಫೋನ್ ಮಾಡುತ್ತಿದ್ದರು. ಅವಳು ಉಂಡಳು. ಬ್ರೆಡ್ಡಿಗೆ ಬೆಣ್ಣೆ ದಪ್ಪಗೆ ಹಚ್ಚಿ, ಚೀಸನ್ನು ಕೈಯಲ್ಲೇ ಮುರಿದು. ಅಷ್ಟು ವರ್ಷ ಗ್ಲೌಸಿನ ಕೈಯಲ್ಲಿ ಮುಟ್ಟಿದ್ದನ್ನು ಮೊದಲ ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ಹುಳಿ ಅದ, ಒಳಗ ಸಣ್ಣಗ ಜೇನಿನಂಗ ಅದ," ಎಂದಳು. ಅದು ಮುಗಿದ ಮೇಲೆ ರಾಸ್ಪ್‌ಬೆರಿ ಹಣ್ಣು, ಮೇಲೆ ಕೆನೆ. ಅವಸರ ಮಾಡಲಿಲ್ಲ. ಬೇಕೆಂದು ನಿಧಾನವನ್ನೂ ಮಾಡಲಿಲ್ಲ. ಹಸಿದವರು ಉಣ್ಣುವಂತೆ ಉಂಡಳು. ವ್ಯಾನು ಹೊರಟುಹೋದ ಸದ್ದಾದಾಗ ತಿರುಗಿಯೂ ನೋಡಲಿಲ್ಲ.

ನಾವು ಅದೇ ಹುಲ್ಲಿನ ದಾರಿಯಲ್ಲಿ ನಡೆದು ಮರಳಿದೆವು. ಅತಿಥಿಗಳು ರೊಟ್ಟಿ ಚಟ್ನಿ ತಿಂದು ಸಂತೋಷವಾಗಿಯೇ ಹೋಗಿದ್ದರಂತೆ. ಮನೆಯಲ್ಲಿ ಮಾತ್ರ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಸೀದ ಪಾತ್ರೆಗಳನ್ನು ಸಿಂಕಿನಲ್ಲಿ ರಾಶಿ ಹಾಕಿ ಬಿಟ್ಟಿದ್ದರು. ಅವಳು ಮಾಳಿಗೆಗೆ ಹೋಗಿ ಕಾಲು ಚಾಚಿ ಮಲಗಿದಳು. ರಾತ್ರಿಯ ಊಟಕ್ಕೆ ಎಲ್ಲರೂ ಬ್ರೆಡ್ಡು ತಿಂದರು. ಮರುದಿನ ಬೆಳಿಗ್ಗೆ ಪಾತ್ರೆಗಳು ಅಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ತೊಳೆದದ್ದು ಮತ್ತೆ ಅವಳೇ. ನಾನೂ ಕೈ ಹಾಕಿದೆ.

"ಸಿಟ್ಟು ಬರಲ್ವೇನೇ ನಿನಗೆ?" ಎಂದು ಕೇಳಿದೆ.

"ಬರ್ತದ. ಆದ್ರ ನಿನ್ನಿ ದಿನಾ ನಂದಾತಲ್ಲ, ಅದನ್ನ ಇವ್ರು ವಾಪಸ್ ತಗೊಳ್ಳಾಕ ಆಗೂದಿಲ್ಲ," ಎಂದಳು.

ಪಾಪ, ಅವಳಿಗೆ ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೃದಯ ನಿಂತು ಹೋದಳು. ಸಭೆಯಲ್ಲಿ ಅದನ್ನು ಹೇಗೆ ವಾಪಸ್ ತೆಗೆದುಕೊಂಡರೆಂದು ಆಗಲೇ ಹೇಳಿದೆ. ಸಭೆ ಮುಗಿದ ಮೇಲೆ ಕೋಟು ಹಾಕಿಕೊಳ್ಳುತ್ತಿದ್ದ ನನ್ನ ಬಳಿ ಶಿವಪ್ರಕಾಶ ಬಂದರು. ಮುಂದಿನ ಪ್ರವಾಸಕ್ಕೆ ಅಕ್ಕನ ಹೆಸರಿಡಬೇಕೆಂದಿದ್ದೇವೆ ಎಂದರು. ದನಿ ತಗ್ಗಿಸಿ, "ಮೇಡಂ, ನಿಮಗೆ ರೊಟ್ಟಿ ಬಡಿಯೋಕೆ ಬರುತ್ತಾ?" ಎಂದರು.

"ಬರುತ್ತೆ. ನಿಮಗೋಸ್ಕರ ಬಡಿಯಲ್ಲ," ಎಂದೆ.

ಹದಿನೈದು ದಿನ ಬಿಟ್ಟು ಅವಳ ಮನೆಗೆ ಹೋದೆ. ಮುರಿಗೆಪ್ಪನವರು ಒಬ್ಬರೇ ಇದ್ದರು. ಮಗನ ಮನೆಗೆ ಬರಲು ಸೊಸೆ ಸೌಜನ್ಯಾ ಕರೆದಳಂತೆ, ಹೋಗಿರಲಿಲ್ಲ. ನನ್ನನ್ನು ಕೂರಿಸಿದರು.

"ಅವತ್ತ ಅಕಿ ದಾರಿ ತಪ್ಪಿದ್ದಿಲ್ಲ. ನನಗ ಗೊತ್ತದ ತಂಗಿ," ಎಂದರು.

"ಗೊತ್ತಿದ್ದೂ ಸಭೆಯಲ್ಲಿ ಸುಮ್ಮನಿದ್ದಿರಲ್ಲ ಅಣ್ಣಾ."

ಅವರು ಕಾರ್ಪೆಟ್ ನೋಡುತ್ತ, "ಏನ ಉಂಡ್ಳು ಅವತ್ತ?" ಎಂದು ಕೇಳಿದರು.

ನಲವತ್ತಕ್ಕೂ ಹೆಚ್ಚು ವರ್ಷ ಆಕೆಯ ಕೈಯಡುಗೆ ಉಂಡವರು ಅವರು. ಆ ದಿನದ ನಂತರ ಆಕೆ ಅರ್ಧ ವರ್ಷ ಅವರ ಎದುರಿಗೇ ಓಡಾಡಿಕೊಂಡಿದ್ದಳು. ಆಗ ಕೇಳದ ಪ್ರಶ್ನೆಯನ್ನು ಈಗ ನನ್ನ ಬಳಿ ಕೇಳುತ್ತಿದ್ದರು. ಎದ್ದು ಬಂದುಬಿಡೋಣ ಎನಿಸಿತು. ಆದರೆ ಆ ಊಟ ಅವಳದು. ಬಚ್ಚಿಟ್ಟರೆ ಅವಳಿಗೇ ಅನ್ಯಾಯ. ಬ್ರೆಡ್ಡು, ಬೆಣ್ಣೆ, ಚೀಸು, ಸೇಬು, ಕೆನೆ ಹಾಕಿದ ಹಣ್ಣು, ಎಲ್ಲವನ್ನೂ ಹೇಳಿದೆ. ಹೊಟ್ಟೆ ತುಂಬ ಉಂಡಳು, ತಟ್ಟೆಯಲ್ಲಿ ಏನೂ ಬಿಡಲಿಲ್ಲ ಎಂದೆ.

ಅವರು ಅತ್ತರು. ನಾನು ಸಮಾಧಾನ ಮಾಡಲಿಲ್ಲ.